ಬೆರಳುದ್ದದ ಬಾಸ್ ಮರಿ: ಯಾವ ಜಾತಿ ಅಂತ ಹೇಗೆ ಹೇಳೋದು?

ಕೇಳಿದ್ದು: ಅಮೆರಿಕದ ಕೆಂಟಕಿ ರಾಜ್ಯಕ್ಕೆ ಬಂದು ಸ್ವಲ್ಪ ದಿನ ಆಯ್ತು. ಮಗಳ ಜೊತೆ ಹೊಳೆಗೆ ಹೋದರೆ ಗಾಳಕ್ಕೆ ಬಾಸ್ ಅನ್ನೋ ಸಿಹಿನೀರಿನ ಮೀನಿನ ಮೂರು ಇಂಚಿನ ಮರಿಗಳೇ ಬೀಳುತ್ತವೆ. ಲಾರ್ಜ್‌ಮೌತ್, ಸ್ಮಾಲ್‌ಮೌತ್, ಸ್ಪಾಟೆಡ್ ಅಂತ ಅದರಲ್ಲಿ ಜಾತಿಗಳಿವೆಯಂತೆ. "ದವಡೆ ಕಣ್ಣು ದಾಟಿದ್ರೆ ಲಾರ್ಜ್‌ಮೌತ್" ಅಂತಾರೆ ಇಲ್ಲಿಯವರು. ನಮಗೆ ಎಲ್ಲದರ ಬಾಯೂ ಒಂದೇ ಥರ ಕಾಣುತ್ತೆ. ನೀರಿಗೆ ವಾಪಸ್ ಬಿಡ್ತೀವಿ, ಆದರೂ ಏನು ಹಿಡಿದೆವು ಅಂತ ಗೊತ್ತಾಗಬೇಕಲ್ವಾ?

ಲೂಯಿವಿಲ್‌ನಿಂದ: ದವಡೆ ಲೆಕ್ಕ ದೊಡ್ಡ ಮೀನಿಗೆ ಸರಿ. ಮರಿಯಲ್ಲಿ ಬಾಯಿ ಇನ್ನೂ ಬೆಳೆದಿರಲ್ಲ, ಲಾರ್ಜ್‌ಮೌತ್ ಮರಿಯ ದವಡೆಯೂ ಕಣ್ಣಿನ ಕೆಳಗೇ ನಿಂತುಬಿಡುತ್ತೆ. ಅದನ್ನು ಬಿಡಿ, ಬಾಲ ನೋಡಿ. ಬಾಲದ ಬುಡ ಕಿತ್ತಳೆ ಅಥವಾ ಹಳದಿ, ಆಮೇಲೆ ಕಪ್ಪು ಪಟ್ಟಿ, ಅಂಚು ಬಿಳಿ. ಹೀಗೆ ಮೂರು ಬಣ್ಣ ಇದ್ದರೆ ಸ್ಮಾಲ್‌ಮೌತ್ ಅಥವಾ ಸ್ಪಾಟೆಡ್. ಕಿತ್ತಳೆ ಇಲ್ಲದೆ, ಮೈಯುದ್ದಕ್ಕೂ ಒಂದೇ ಕಪ್ಪು ಪಟ್ಟೆ ಓಡಿದ್ದರೆ ಲಾರ್ಜ್‌ಮೌತ್.

ಮೊದಲಿನ ಎರಡರಲ್ಲಿ ಯಾವುದು ಅನ್ನೋಕೆ ಮೈ ನೋಡಬೇಕು. ಸ್ಮಾಲ್‌ಮೌತ್‌ಗೆ ಉದ್ದ ಪಟ್ಟೆ ಇರಲ್ಲ, ಮೇಲಿಂದ ಕೆಳಗೆ ಮಾಸಲು ಅಡ್ಡಗೆರೆ ಇರುತ್ತವೆ. ಸ್ಪಾಟೆಡ್‌ಗೆ ಉದ್ದ ಪಟ್ಟೆ ಇರುತ್ತೆ, ಮೈ ಮುಗಿದು ಬಾಲ ಶುರುವಾಗುವ ಜಾಗದಲ್ಲಿ ಎದ್ದು ಕಾಣುವ ಕಪ್ಪು ಚುಕ್ಕೆಯೂ ಇರುತ್ತೆ. ಹೊಟ್ಟೆ ಮೇಲಿನ ಚುಕ್ಕೆ ಸಾಲು ಮರಿಯಲ್ಲಿ ಸರಿಯಾಗಿ ಮೂಡಿರಲ್ಲ, ಅದಕ್ಕೆ ಕಾಯಬೇಡಿ.

ಲೆಕ್ಸಿಂಗ್ಟನ್‌ನಿಂದ: ಬಿಳಿ ಬಕೆಟ್‌ನಲ್ಲಿ ಇಟ್ಟು ನೋಡಬೇಡಿ. ಐದೇ ನಿಮಿಷಕ್ಕೆ ಮೀನು ಪೇಲವ ಆಗುತ್ತೆ, ಪಟ್ಟೆ ಅಳಿಸಿದ ಹಾಗಿರುತ್ತೆ. ಕಲಕು ನೀರಿನ ಮೀನೂ ಹಾಗೇ. ನಾನು ಪಾರದರ್ಶಕ ಊಟದ ಡಬ್ಬಿಗೆ ಹೊಳೆ ನೀರು ತುಂಬಿ, ಒದ್ದೆ ಕೈಯಲ್ಲಿ ಮರಿ ಬಿಟ್ಟು, ಪಕ್ಕದಿಂದ ಫೋಟೋ ತೆಗೀತೀನಿ. ಬಾಲ ಪೂರ್ತಿ ಬಿಚ್ಚಿಕೊಂಡ ಒಂದು ಫೋಟೋ ಸಿಕ್ಕರೆ ಸಾಕು.

ಇನ್ನೊಬ್ಬರು: ಬೆನ್ನಿನ ರೆಕ್ಕೆಯನ್ನೂ ನೋಡಿ. ಮುಂದಿನದು ಮುಳ್ಳು, ಹಿಂದಿನದು ಮೆತ್ತಗೆ. ಲಾರ್ಜ್‌ಮೌತ್‌ನಲ್ಲಿ ಎರಡರ ನಡುವಿನ ಕಚ್ಚು ತುಂಬಾ ಆಳ, ಬೇರೆ ಬೇರೆ ರೆಕ್ಕೆ ಅನ್ನಿಸುತ್ತೆ. ಸ್ಪಾಟೆಡ್‌ಗೆ ನಾಲಿಗೆ ಮೇಲೆ ಮರಳುಕಾಗದದಂಥ ಹಲ್ಲಿನ ಜಾಗ ಇರುತ್ತೆ ಅಂತ ಹೇಳೋರು ಸಿಕ್ತಾರೆ. ನಿಜವೇ, ಆದರೆ ಕೆಲವು ಲಾರ್ಜ್‌ಮೌತ್‌ಗೂ ಅದು ಇರುತ್ತೆ. ಅಷ್ಟು ಚಿಕ್ಕ ಬಾಯಿಗೆ ಬೆರಳು ಹಾಕೋದೂ ಬೇಡ.

ಲೂಯಿವಿಲ್‌ನಿಂದ, ಮತ್ತೆ: ಈಗಲೇ ಕಲಿತರೆ ಮುಂದೆ ಉಪಯೋಗಕ್ಕೆ ಬರುತ್ತೆ. ಸ್ಪಾಟೆಡ್ ಬಾಸ್ ಕೆಂಟಕಿಯ ರಾಜ್ಯ ಮೀನು. ಇಲ್ಲಿನ ಸಾಮಾನ್ಯ ನಿಯಮದಲ್ಲಿ ಅದಕ್ಕೆ ಕನಿಷ್ಠ ಅಳತೆ ಇಲ್ಲ, ಉಳಿದೆರಡಕ್ಕೆ 12 ಇಂಚು ಇದೆ. ಕೆಲವು ಕೆರೆಗಳ ನಿಯಮ ಬೇರೆ, ಮೀನು ಹಿಡಿಯೋ ನಿಯಮಗಳ ಈ ವರ್ಷದ ಪುಸ್ತಕ ನೋಡ್ಕೊಳ್ಳಿ. ಒಂಬತ್ತು ಇಂಚಿನ ಮೀನು ಕೈಗೆ ಬಂದಾಗ ಇಟ್ಕೊಬಹುದಾ ಅನ್ನೋದು ಜಾತಿ ಮೇಲೇ ನಿಲ್ಲುತ್ತೆ.

ಲೆಕ್ಸಿಂಗ್ಟನ್‌ನಿಂದ: ಸ್ಪಾಟೆಡ್, ಸ್ಮಾಲ್‌ಮೌತ್ ಎರಡೂ ಇರೋ ಹೊಳೆಯಲ್ಲಿ ಬೆರಕೆ ಮರಿಗಳೂ ಹುಟ್ಟುತ್ತವೆ. ಅಡ್ಡಗೆರೆಯೂ ಇದೆ, ಉದ್ದ ಪಟ್ಟೆಯೂ ಇದೆ ಅನ್ನಿಸಿದರೆ ಜಾಸ್ತಿ ತಲೆ ಕೆಡಿಸ್ಕೊಬೇಡಿ. ಸುಮ್ನೆ "ಬಾಸ್ ಮರಿ" ಅಂತ ಬರ್ಕೊಂಡು ಬಿಟ್ಟುಬಿಡಿ.