ನ್ಯೂಟ್ರೋಫಿಲ್‌ಗಳು ಗುಂಪುಗಟ್ಟುವುದು ಹೇಗೆ?

ಪ್ರಶ್ನೆ: ನಮಸ್ತೆ ಮೇಡಂ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್‌ಗಳನ್ನು ಬೇರ್ಪಡಿಸಿ, ಅದಕ್ಕೆ ಎಫ್‌ಎಂಎಲ್‌ಪಿ ಹಾಕಿದರೆ ಸ್ವಲ್ಪ ಹೊತ್ತಲ್ಲೇ ಗುಂಪುಗಟ್ಟುತ್ತವೆ ಅಂತ ಓದಿದೆ. ಆ ರಾಸಾಯನಿಕವೇ ಅಂಟಿನ ಕೆಲಸ ಮಾಡುತ್ತದಾ?

ಉತ್ತರ: ಇಲ್ಲ. ಅಂಟಿಕೊಳ್ಳುವ ವ್ಯವಸ್ಥೆ ಕಣದ ಮೇಲೆ ಮೊದಲೇ ಇರುತ್ತದೆ. ಎಫ್‌ಎಂಎಲ್‌ಪಿ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ.

ಬ್ಯಾಕ್ಟೀರಿಯಾ ಪ್ರೋಟೀನ್ ಕಟ್ಟಲು ಶುರು ಮಾಡುವುದೇ ಫಾರ್ಮೈಲ್ ಮೆಥಿಯೋನಿನ್‌ನಿಂದ. ಎಫ್‌ಎಂಎಲ್‌ಪಿ ಅಂಥದ್ದೇ ಒಂದು ಚೂರು. ನ್ಯೂಟ್ರೋಫಿಲ್‌ನ ರಿಸೆಪ್ಟರ್‌ಗೆ ಅದು ತಗುಲಿದ ಕೆಲವೇ ಸೆಕೆಂಡಿನಲ್ಲಿ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಆಗ ಮೇಲ್ಮೈಯಲ್ಲಿರುವ ಮ್ಯಾಕ್-1 ಎಂಬ ಇಂಟೆಗ್ರಿನ್ (ಅಂಟಿಕೊಳ್ಳುವ ಪ್ರೋಟೀನ್), ಮಂಡಿ ಮಡಚಿ ಕೂತವರು ಎದ್ದು ನಿಂತ ಹಾಗೆ, ನೆಟ್ಟಗಾಗುತ್ತದೆ. ಒಳಗಿನ ಕಣಿಕೆಗಳಲ್ಲಿ ಕೂಡಿಟ್ಟ ಮ್ಯಾಕ್-1 ಕೂಡ ಹೊರಗೆ ಬರುತ್ತದೆ. ಮೊದಲು ಎಲ್-ಸೆಲೆಕ್ಟಿನ್ ಎಂಬ ಇನ್ನೊಂದು ಮೇಲ್ಮೈ ಪ್ರೋಟೀನ್ ಪಕ್ಕದ ಕಣವನ್ನು ಸಡಿಲವಾಗಿ ಹಿಡಿಯುತ್ತದೆ, ಆಮೇಲೆ ಮ್ಯಾಕ್-1 ಬಿಗಿ ಮಾಡುತ್ತದೆ.

ಇದಕ್ಕೆ ದೊಡ್ಡ ಪುರಾವೆ ಅಂದರೆ, ಮ್ಯಾಕ್-1ರ ಒಂದು ಭಾಗವಾದ ಸಿಡಿ18 ಹುಟ್ಟಿನಿಂದಲೇ ಇಲ್ಲದ ಮಕ್ಕಳು. ಅವರ ರಕ್ತದಲ್ಲಿ ನ್ಯೂಟ್ರೋಫಿಲ್ ಸಾಮಾನ್ಯಕ್ಕಿಂತ ಜಾಸ್ತಿ. ಆದರೂ ಸುದ್ದಿ ಬಂದಾಗ ಅವು ಗುಂಪುಗಟ್ಟುವುದಿಲ್ಲ. ಸೋಂಕಾದ ಜಾಗಕ್ಕೂ ಹೋಗಲಾರವು, ಹಾಗಾಗಿ ಕೀವು ಕಟ್ಟುವುದಿಲ್ಲ. ಪಾಪ, ಆ ಮಕ್ಕಳಿಗೆ ಸೋಂಕು ಮೇಲಿಂದ ಮೇಲೆ ಬರುತ್ತಲೇ ಇರುತ್ತದೆ.

ಪ್ರಶ್ನೆ: ಇದು ಟ್ಯೂಬಿನಲ್ಲಿ ಮಾತ್ರ ಆಗೋದಾ, ದೇಹದೊಳಗೂ ಆಗುತ್ತದಾ?

ಉತ್ತರ: ಆಗುತ್ತದೆ. ಹಳೆಯ ಸೆಲ್ಲೋಫೇನ್ ಪೊರೆಯಲ್ಲಿ ಡಯಾಲಿಸಿಸ್ ಮಾಡುವಾಗ, ಮೊದಲ ಅರ್ಧ ಗಂಟೆಯೊಳಗೆ ರೋಗಿಯ ಬಿಳಿ ರಕ್ತಕಣಗಳ ಎಣಿಕೆ ಧಡಕ್ಕನೆ ಇಳಿಯುತ್ತಿತ್ತು. ಕಾರಣ ಏನೆಂದು 1977ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ರಕ್ತ ಪೊರೆಗೆ ತಾಗಿ ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನುಗಳ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತಿತ್ತು. ಅದರಿಂದ ಹುಟ್ಟಿದ ಸಿ5ಎ ಎಂಬ ಚೂರು ಕೂಡ ಎಫ್‌ಎಂಎಲ್‌ಪಿಯಂಥದ್ದೇ ಸುದ್ದಿ. ಕಣಗಳು ಗುಂಪುಗಟ್ಟಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ, ಡಯಾಲಿಸಿಸ್ ಇನ್ನೂ ನಡೆಯುತ್ತಿರುವಾಗಲೇ, ಎಣಿಕೆ ಮತ್ತೆ ಏರುತ್ತಿತ್ತು. ಈ ಹಿಡಿತ ಬಿಟ್ಟುಹೋಗುವಂಥದ್ದು ಎಂಬುದನ್ನು ಮರೆಯಬೇಡಿ. ಟ್ಯೂಬಿನಲ್ಲೂ ಎಫ್‌ಎಂಎಲ್‌ಪಿಯಿಂದ ಆದ ಗುಂಪು ಕೆಲವೇ ನಿಮಿಷಗಳಲ್ಲಿ ಚದುರುತ್ತದೆ. ಪಿಎಂಎ ಎಂಬ ಇನ್ನೊಂದು ರಾಸಾಯನಿಕ ಹಾಕಿದರೆ ಮಾತ್ರ ಹಾಗೇ ಉಳಿಯುತ್ತದೆ.

ಪ್ರಶ್ನೆ (ಇನ್ನೊಬ್ಬರು): ನಾವು ಲ್ಯಾಬಿನಲ್ಲಿ ಮಾಡಿದಾಗ ಗುಂಪೇ ಆಗಲಿಲ್ಲ ಮೇಡಂ. ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ರಕ್ತ ತೆಗೆದಿದ್ದೆವು.

ಉತ್ತರ: ಅದೇ ಕಾರಣ ಇರಬಹುದು. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದುಕೊಂಡುಬಿಡುತ್ತದೆ. ಇವಿಲ್ಲದೆ ಇಂಟೆಗ್ರಿನ್ ಹಿಡಿಯಲಾರದು. ಕಣಗಳನ್ನು ಚೆನ್ನಾಗಿ ತೊಳೆದು, ಎರಡೂ ಇರುವ ಬಫರ್‌ಗೆ ಹಾಕಿ. ಇನ್ನೊಂದು ವಿಷಯ, ಕಲಕುತ್ತಲೇ ಇರಬೇಕು. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಅಂಟುವುದಾದರೂ ಹೇಗೆ? ಗುಂಪುಗಟ್ಟುವುದನ್ನು ಬೆಳಕಿನಿಂದ ಅಳೆಯುವ ಅಗ್ರಿಗೋಮೀಟರ್ ಯಂತ್ರ ಇದ್ದರೆ ಅದರ ಸ್ಟಿರರ್ ತಿರುಗುತ್ತಿದೆಯಾ ನೋಡಿ. ಗುಂಪಾಗುತ್ತಿದ್ದಂತೆ ದ್ರವದ ಮೂಲಕ ಬೆಳಕು ಜಾಸ್ತಿ ಹಾಯುತ್ತದೆ, ಯಂತ್ರದ ಗ್ರಾಫಿನಲ್ಲಿ ಗೆರೆ ಏರುತ್ತದೆ. ಎಫ್‌ಎಂಎಲ್‌ಪಿ ಹಾಕಿದ ಮೊದಲ ಒಂದೆರಡು ನಿಮಿಷ ಆ ಗೆರೆಯಿಂದ ಕಣ್ಣು ತೆಗೆಯಬೇಡಿ. ತಡವಾಗಿ ನೋಡಿದರೆ ಗುಂಪು ಆಗಿ ಚದುರಿಯೂ ಹೋಗಿರುತ್ತದೆ.