ಕೈಲೆಕ್ಕದಲ್ಲಿ 333, ಸಾಫ್ಟ್‌ವೇರಿನಲ್ಲಿ 500: ಫುಟಿಂಗಿಗೆ ಯಾವ ಭಾರ ಹಿಡಿಯಬೇಕು?

ಪ್ರಶ್ನೆ:
ಮಂಡ್ಯದಲ್ಲಿ 30×40 ಅಡಿ ನಿವೇಶನದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಒಳಗಿನ ಒಂದು ಪಿಲ್ಲರಿನ ಪಾಲಿಗೆ 3.5×3.5 ಮೀಟರ್ ಜಾಗ ಬರುತ್ತದೆ. ಕೈಯಲ್ಲಿ ಲೆಕ್ಕ ಹಾಕಿದಾಗ ಡೆಡ್ ಲೋಡ್ (ಕಟ್ಟಡದ ಸ್ವಂತ ತೂಕ) 290, ಲೈವ್ ಲೋಡ್ (ಜನ, ಸಾಮಾನುಗಳ ಭಾರ) 43, ಒಟ್ಟು 333 ಕಿಲೋನ್ಯೂಟನ್ ಬಂದಿತು. ಸಾಫ್ಟ್‌ವೇರ್ ಅದೇ ಪಿಲ್ಲರಿನ ಬುಡದಲ್ಲಿ 500 ತೋರಿಸುತ್ತಿದೆ. ಮಣ್ಣಿನ ವರದಿಯ ಪ್ರಕಾರ 1.5 ಮೀಟರ್ ಆಳದಲ್ಲಿ ನೆಟ್ ಧಾರಣಾ ಸಾಮರ್ಥ್ಯ (ಮೊದಲೇ ಇದ್ದ ಮಣ್ಣಿನ ತೂಕದ ಮೇಲೆ ಹೆಚ್ಚುವರಿಯಾಗಿ ಹೊರಬಲ್ಲ ಭಾರ) ಚದರ ಮೀಟರಿಗೆ 150 ಕಿಲೋನ್ಯೂಟನ್. 500 ಹಿಡಿದು, ಫುಟಿಂಗಿನ (ಪಿಲ್ಲರಿನ ಅಡಿಯ ಅಗಲವಾದ ಕಾಂಕ್ರೀಟ್ ಪಾದದ) ಸ್ವಂತ ತೂಕಕ್ಕೆಂದು ಹತ್ತು ಶೇಕಡಾ ಸೇರಿಸಿದರೆ ಅದು 1.9 ಮೀಟರ್ ಚೌಕವಾಗುತ್ತದೆ. ಅಷ್ಟಗಲ ಪಾಯ ತೆಗೆದರೆ ಗುಂಡಿಗಳ ನಡುವೆ ಉಳಿಯುವ ಮಣ್ಣು ನಿಲ್ಲುವುದಿಲ್ಲವೆಂದು ಮೇಸ್ತ್ರಿ ಹೇಳುತ್ತಿದ್ದಾರೆ. ಯಾವ ಲೆಕ್ಕ ಸರಿ, ಸರ್?

ಉತ್ತರ:
ಎರಡೂ ಸರಿಯೇ. 333ನ್ನು 1.5ರಿಂದ ಗುಣಿಸಿದರೆ 500 ಬರುತ್ತದೆ. ಸಾಫ್ಟ್‌ವೇರ್ ತೋರಿಸಿರುವುದು ಸುರಕ್ಷತಾ ಗುಣಕ ಸೇರಿದ ಭಾರವನ್ನು. ಮಣ್ಣಿನ ವರದಿಯ 150ರಲ್ಲಿ ಸುರಕ್ಷತೆಯ ಅಂಶ ಆಗಲೇ ಸೇರಿರುವುದರಿಂದ, ಫುಟಿಂಗಿನ ಉದ್ದಗಲವನ್ನು ಗುಣಕವಿಲ್ಲದ 333ರಿಂದಲೇ ನಿರ್ಧರಿಸಬೇಕು. ಅದರ ದಪ್ಪ ಮತ್ತು ಕಂಬಿಯನ್ನು ಮಾತ್ರ 500ಕ್ಕೆ ವಿನ್ಯಾಸ ಮಾಡಬೇಕು. ಆಗ 1.6 ಮೀಟರ್ ಚೌಕ ಸಾಕಾಗುತ್ತದೆ.

ತಾವು ಸೇರಿಸಿರುವ ಹತ್ತು ಶೇಕಡಾ ಕೂಡ ಧಾರಾಳವಾಯಿತು. ಸಾಮರ್ಥ್ಯ ನೆಟ್ ಎಂದು ಕೊಟ್ಟಿರುವಾಗ, ತೆಗೆದ ಮಣ್ಣಿನ ತೂಕಕ್ಕೆ ಮತ್ತೆ ತುಂಬುವ ಮಣ್ಣಿನ ತೂಕ ಸರಿಹೋಗುತ್ತದೆ; ಹೆಚ್ಚಾಗುವುದು ಘನಮೀಟರಿಗೆ 25 ಕಿಲೋನ್ಯೂಟನ್ ತೂಗುವ ಕಾಂಕ್ರೀಟಿಗೂ ಸುಮಾರು 18 ತೂಗುವ ಮಣ್ಣಿಗೂ ಇರುವ ಅಂತರ ಮಾತ್ರ. 0.4 ಮೀಟರ್ ದಪ್ಪದ ಫುಟಿಂಗಿಗೆ ಅದು ಏಳೆಂಟು ಕಿಲೋನ್ಯೂಟನ್ ದಾಟುವುದಿಲ್ಲ. ಆದರೂ ಆ ಹತ್ತನ್ನು ಇಟ್ಟುಕೊಳ್ಳಿ, ನಷ್ಟವಿಲ್ಲ.

ನಾನು ಕೇಳಬಯಸುವುದು ಗೋಡೆಯ ವಿಷಯ. 290ರಲ್ಲಿ ಗೋಡೆಗೆ ಎಷ್ಟು ಹಿಡಿದಿದ್ದೀರಿ?

ಪ್ರಶ್ನೆ ಕೇಳಿದವರು:
ಆರಿಂಚಿನ ಸಾಲಿಡ್ ಬ್ಲಾಕ್, ಎರಡೂ ಬದಿಯ ಗಾರೆ ಸೇರಿ ಚದರ ಮೀಟರಿಗೆ 3.55 ಕಿಲೋನ್ಯೂಟನ್; ಬೀಮಿನ ಕೆಳಗಿನ ಎತ್ತರ 2.55 ಮೀಟರ್, ಪ್ರತಿ ಅಂತಸ್ತಿಗೆ 7 ಮೀಟರ್ ಉದ್ದ. ಎರಡು ಅಂತಸ್ತಿಗೆ ಸುಮಾರು 126. ಬಾಗಿಲು, ಕಿಟಕಿಗಳನ್ನು ಕಳೆದಿಲ್ಲ.

ಉತ್ತರ:
ಹಾಗಿದ್ದರೆ ಚೆನ್ನಾಗಿದೆ, ಕಳೆಯುವ ಅಗತ್ಯವೂ ಇಲ್ಲ. ಮೋಲ್ಡಿನ ಲೆಕ್ಕವನ್ನು ಎಲ್ಲರೂ ಜೋಪಾನವಾಗಿ ಹಾಕಿ ಗೋಡೆಯನ್ನು ಅಂದಾಜಿಗೆ ಬಿಡುತ್ತಾರೆ. ಇಲ್ಲಿ ಗೋಡೆಯೇ ಎರಡು ಮೋಲ್ಡುಗಳಿಗಿಂತ ಹೆಚ್ಚು ತೂಗುತ್ತಿದೆ. ನೀರಿನ ಟ್ಯಾಂಕ್ ಈ ಪಿಲ್ಲರಿನ ಹತ್ತಿರ ಬಂದರೆ ಸಾವಿರ ಲೀಟರಿಗೆ 10 ಕಿಲೋನ್ಯೂಟನ್ ಸೇರಿಸಿ.

ಮೇಸ್ತ್ರಿಯವರ ಆತಂಕವನ್ನು ತಳ್ಳಿಹಾಕಬೇಡಿ. 1.6 ಮೀಟರ್ ಫುಟಿಂಗಿಗೆ ಕೆಲಸದ ಜಾಗ ಬಿಟ್ಟರೂ ಗುಂಡಿಗಳ ನಡುವೆ ಸುಮಾರು 1.3 ಮೀಟರ್ ಮಣ್ಣು ಉಳಿಯುತ್ತದೆ; ತೆಗೆದ ಮಣ್ಣನ್ನು ಅದರ ಮೇಲೆ ರಾಶಿ ಹಾಕಿಸಬೇಡಿ. ನಿವೇಶನ ನಾಲೆ ಬಯಲಿನಲ್ಲಿದ್ದರೆ ನೀರು ಬಿಟ್ಟ ದಿನಗಳಲ್ಲಿ ಗುಂಡಿಯಲ್ಲಿ ಜಲ ಏಳಬಹುದು. ಹಾಗೇನಾದರೂ ಆದರೆ, ಅಥವಾ ತಳದಲ್ಲಿ ಎರೆಮಣ್ಣು ಕಂಡರೆ, ವರದಿ ಕೊಟ್ಟವರನ್ನು ಕರೆಸಿ ತೋರಿಸುವವರೆಗೆ ಬೆಡ್ ಕಾಂಕ್ರೀಟ್ (ಫುಟಿಂಗಿನ ಕೆಳಗೆ ಹಾಸುವ ತೆಳು ಪದರ) ಹಾಕಿಸಬೇಡಿ.