ರೇಡ್ 5 ರೀಬಿಲ್ಡ್ ಸೆಕೆಂಡಿಗೆ 12 ಎಂಬಿ ದಾಟ್ತಿಲ್ಲ, ಹೊಸ ಡಿಸ್ಕೇ ಸರಿ ಇಲ್ವಾ?

ಡೇಟಾಬುಟ್ಟಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಚಿಕ್ಕ ಸ್ಟೋರೇಜ್ ಸರ್ವರ್ ಇದೆ. ಲಿನಕ್ಸ್, ಅದರದೇ ಎಂಡಿ ಸಾಫ್ಟ್‌ವೇರ್‌ನಲ್ಲಿ ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಹಾಗೆ ಡಿಸ್ಕುಗಳನ್ನು ಕೂಡಿಸುವ ವಿಧಾನ), ತಲಾ 4 ಟಿಬಿಯ ನಾಲ್ಕು ಡಿಸ್ಕ್, ಅದರ ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್. ಒಂದು ಡಿಸ್ಕ್ ಪೂರ್ತಿ ಕೈಕೊಟ್ಟಿತು, ಬಯಾಸ್‌ನಲ್ಲೂ ಕಾಣಿಸುತ್ತಿಲ್ಲ. ಅದನ್ನು ತೆಗೆದು ಅಷ್ಟೇ ಸೈಜಿನ ಹೊಸದನ್ನು ಹಾಕಿ ಅರೇಗೆ, ಅಂದರೆ ಡಿಸ್ಕುಗಳ ಗುಂಪಿಗೆ, ಸೇರಿಸಿದೆ.

ರೀಬಿಲ್ಡ್ (ಹೋದ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಶುರುವಾಯಿತು, ಆದರೆ ತೆವಳುತ್ತಿದೆ. ಎಂಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಪ್ರಕಾರ 3.1% ಮುಗಿದಿದೆ, ವೇಗ ಸೆಕೆಂಡಿಗೆ 11800ಕೆ, ಬಾಕಿ 5347 ನಿಮಿಷ. ಅಂದರೆ ಇನ್ನೂ ಮೂರು ಮುಕ್ಕಾಲು ದಿನ! ಸಿಪಿಯು ಸುಮ್ನೆ ಕೂತಿದೆ, ಮೆಮೊರಿ ಖಾಲಿ ಇದೆ. ಹೊಸ ಡಿಸ್ಕೇ ಕೆಟ್ಟದ್ದು ಬಂದಿದೆಯಾ? ವಾಪಸ್ ಕೊಡಲಾ?

ಸುಮ್ನೆನೋಡ್ತೀನಿ

ಎಂಡಿ ತಾನೇ ವೇಗ ಹಿಡಿದಿಟ್ಟುಕೊಳ್ಳುತ್ತೆ. ಸ್ಪೀಡ್ ಲಿಮಿಟ್ ಮಿನ್ (ಕನಿಷ್ಠ ವೇಗ) ಡೀಫಾಲ್ಟ್ ಆಗಿ ಸೆಕೆಂಡಿಗೆ 1000 ಕೆಬಿ, ಮ್ಯಾಕ್ಸ್ 200000 ಕೆಬಿ. ಬೇರೆ ಯಾರಾದರೂ ಅರೇ ಬಳಸುತ್ತಿದ್ದರೆ ರೀಬಿಲ್ಡ್ ಹಿಂದೆ ಸರಿದು ದಾರಿ ಬಿಡುತ್ತೆ. ಮಿನ್ ಅನ್ನು 50000ಕ್ಕೆ ಏರಿಸಿ. ಸ್ಟ್ರೈಪ್ ಕ್ಯಾಶ್ ಸೈಜ್ (ಎಂಡಿ ಈ ಕೆಲಸಕ್ಕೆ ಬಳಸುವ ಮೆಮೊರಿ) 256 ಇರುತ್ತೆ, ಅದನ್ನು 8192 ಮಾಡಿ. ನಾಲ್ಕು ಡಿಸ್ಕಿಗೆ 128 ಎಂಬಿ ಮೆಮೊರಿ ತಿನ್ನುತ್ತೆ, ಅಷ್ಟೇ.

ಡೇಟಾಬುಟ್ಟಿ

ಎರಡನ್ನೂ ಮಾಡಿದೆ. 11800 ಇದ್ದದ್ದು 12100 ಆಯಿತು. ಮೀಡಿಯಾ ಸರ್ವರ್, ಟೊರೆಂಟ್ ಎಲ್ಲ ನಿಲ್ಲಿಸಿದ್ದೇನೆ. ಅರೇಯನ್ನು ಬೇರೆ ಯಾರೂ ಮುಟ್ಟುತ್ತಿಲ್ಲ.

ಕರ್ನಲ್‌ಕಟ್ಟೆ

ಹೊಸ ಡಿಸ್ಕ್ ಎಸ್‌ಎಂಆರ್ ಇರಬೇಕು ನೋಡಿ. ಮಾಡೆಲ್ ನಂಬರ್ ಹಾಕಿ ಕಂಪನಿಯ ಪಟ್ಟಿಯಲ್ಲಿ ಹುಡುಕಿ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು (ಡೇಟಾ ಬರೆಯುವ ಸುತ್ತುಗಳು) ಛಾವಣಿಯ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಅದಕ್ಕೆ ಡಿಸ್ಕ್ ಮೊದಲು ಒಂದು ಕ್ಯಾಶ್ ಜಾಗಕ್ಕೆ ಬರೆದಿಟ್ಟು, ಬಿಡುವಾದಾಗ ಸರಿಯಾದ ಜಾಗಕ್ಕೆ ಸಾಗಿಸುತ್ತೆ. ಆ ಕ್ಯಾಶ್ ತುಂಬಿದರೆ ಕಥೆ ಮುಗಿಯಿತು.

2020ರಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ಆಗಿತ್ತು. ನ್ಯಾಸ್‌ಗೆ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗೆ) ಅಂತ ಮಾರುತ್ತಿದ್ದ ಡಬ್ಲ್ಯೂಡಿ ರೆಡ್‌ನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಕೆಲವು ಮಾಡೆಲ್ ಎಸ್‌ಎಂಆರ್ ಅಂತ ಆಗ ಗೊತ್ತಾಯಿತು. ಆಮೇಲೆ ಕಂಪನಿ ಪಟ್ಟಿ ಕೊಟ್ಟಿತು, ಸಿಎಂಆರ್ (ಟ್ರ್ಯಾಕುಗಳು ಹತ್ತಿಕೊಳ್ಳದ ಮಾಮೂಲಿ ರೀತಿ) ಇರುವುದಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಇಟ್ಟಿತು.

ಹಳೇಡಬ್ಬಿ

ಸ್ವಲ್ಪ ತಡೀರಿ. ಡಿಸ್ಕ್ ವಾಪಸ್ ಕೊಡುವ ಮಾತು ಆಮೇಲೆ. ಇಲ್ಲಿಯವರೆಗೆ ನಾವೆಲ್ಲ ಊಹೆ ಮಾಡುತ್ತಿದ್ದೇವೆ, ಯಾವ ಡಿಸ್ಕ್ ನಿಧಾನ ಅಂತ ಯಾರೂ ಕೇಳೇ ಇಲ್ಲ.

ರೇಡ್ 5 ರೀಬಿಲ್ಡ್‌ನಲ್ಲಿ ಮೂರು ಹಳೇ ಡಿಸ್ಕಿನಿಂದ ಓದಿ, ಲೆಕ್ಕ ಹಾಕಿ, ನಾಲ್ಕನೆಯದಕ್ಕೆ ಬರೆಯಬೇಕು. ನಾಲ್ಕೂ ಒಟ್ಟಿಗೆ ಹೆಜ್ಜೆ ಹಾಕಬೇಕು. ಒಂದು ಎಡವಿದರೆ ಉಳಿದ ಮೂರೂ ನಿಂತು ಕಾಯುತ್ತವೆ. ಎಂಡಿಸ್ಟ್ಯಾಟ್ ನಿಮಗೆ ಒಟ್ಟು ವೇಗ ಮಾತ್ರ ತೋರಿಸುತ್ತೆ, ಎಡವುತ್ತಿರುವುದು ಯಾವುದು ಅಂತ ಹೇಳಲ್ಲ.

ಡಿಸ್ಕಿನ ಕೆಲಸ ಅಳೆಯುವ ಐಒಸ್ಟ್ಯಾಟ್ ಅನ್ನು ಎಕ್ಸ್ ಆಯ್ಕೆಯ ಜೊತೆ, 5 ಸೆಕೆಂಡಿಗೊಮ್ಮೆ ಓಡಿಸಿ. ಮೊದಲು ಬರುವ ಪಟ್ಟಿಯನ್ನು ಬಿಟ್ಟುಬಿಡಿ, ಅದು ಮಷೀನ್ ಬೂಟ್ ಆದಾಗಿನಿಂದ ಆದ ಸರಾಸರಿ. ಎರಡನೆಯದರಿಂದ ನೋಡಿ. ಪ್ರತಿ ಡಿಸ್ಕಿನ ಅವೇಟ್ (ಒಂದು ಕೆಲಸಕ್ಕೆ ಕಾಯುವ ಸರಾಸರಿ ಹೊತ್ತು) ಮತ್ತು ಯುಟಿಲ್ (ಎಷ್ಟು ಹೊತ್ತು ಕೆಲಸದಲ್ಲಿದೆ) ಬರೆದು ಹಾಕಿ.

ಡೇಟಾಬುಟ್ಟಿ

ಇಗೋ:

ಎಸ್‌ಡಿಎ: ಓದು 11.6 ಎಂಬಿ, ಅವೇಟ್ 4 ಮಿಲಿಸೆಕೆಂಡ್, ಯುಟಿಲ್ 9%
ಎಸ್‌ಡಿಬಿ: ಓದು 11.9 ಎಂಬಿ, ಅವೇಟ್ 5, ಯುಟಿಲ್ 10%
ಎಸ್‌ಡಿಸಿ: ಓದು 11.7 ಎಂಬಿ, ಅವೇಟ್ 1140, ಯುಟಿಲ್ 100%
ಎಸ್‌ಡಿಡಿ (ಹೊಸದು): ಬರಹ 11.7 ಎಂಬಿ, ಅವೇಟ್ 3, ಯುಟಿಲ್ 8%

ಹಳೇಡಬ್ಬಿ

ಸಿಕ್ಕಿತು. ನಿಮ್ಮ ಹೊಸ ಡಿಸ್ಕ್ 92% ಹೊತ್ತು ಕೈಕಟ್ಟಿ ಕೂತಿದೆ. ಅದು ಎಸ್‌ಎಂಆರ್ ಆಗಿ ಕ್ಯಾಶ್ ತುಂಬಿದ್ದರೆ 100% ತೋರಿಸಬೇಕಿದ್ದದ್ದು ಅದು, ಅವೇಟ್ ಏರಬೇಕಿದ್ದದ್ದೂ ಅಲ್ಲೇ. ಏದುಸಿರು ಬಿಡುತ್ತಿರುವುದು ಎಸ್‌ಡಿಸಿ, ನಿಮ್ಮ ಹಳೇ ಡಿಸ್ಕ್.

ಈಗ ಎಸ್‌ಡಿಸಿಯ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ, ಬೇಕು. 5, 197, 198, 199 ಈ ನಾಲ್ಕು ಸಾಲು ಸಾಕು, ಕೆಟ್ಟ ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಮತ್ತು ಕೇಬಲ್ ತಪ್ಪುಗಳ ಎಣಿಕೆ ಅಲ್ಲಿರುತ್ತೆ. ಕರ್ನಲ್ ಲಾಗ್‌ನಲ್ಲಿ ಎಸ್‌ಡಿಸಿ ಬಗ್ಗೆ ಏನಾದರೂ ದೂರು ಇದೆಯಾ ನೋಡಿ. ಸಾಟಾ ಲಿಂಕ್ ಎಷ್ಟು ಜಿಬಿಪಿಎಸ್ ಅಂತಲೂ ಅಲ್ಲೇ ಇರುತ್ತೆ.

ಸುಮ್ನೆನೋಡ್ತೀನಿ

ಕೇಬಲ್ ಸಡಿಲ ಆಗಿರಬಹುದಲ್ವಾ? ಲಿಂಕ್ 1.5ಕ್ಕೆ ಇಳಿದರೂ ಹೀಗೇ ನಿಧಾನ ಆಗುತ್ತೆ.

ಹಳೇಡಬ್ಬಿ

ಕೇಬಲ್ ಇರಬಹುದು, ಅದಕ್ಕೇ 199 ಕೇಳಿದ್ದು. ಕೇಬಲ್ ತೊಂದರೆ ಇದ್ದರೆ ಸಿಆರ್‌ಸಿ (ಡೇಟಾ ಸಾಗುವಾಗಿನ ತಪ್ಪು) ಎಣಿಕೆ ಏರುತ್ತಿರುತ್ತೆ. ಆದರೆ ಬರೀ ಲಿಂಕ್ ಇಳಿದದ್ದೇ ಕಾರಣ ಅಂದರೆ ಒಪ್ಪಲ್ಲ. 1.5 ಜಿಬಿಪಿಎಸ್ ಲಿಂಕಿನಲ್ಲೂ ಸೆಕೆಂಡಿಗೆ 150 ಎಂಬಿ ಹತ್ತಿರ ಹೋಗುತ್ತೆ. ಇಲ್ಲಿ 12 ಬರುತ್ತಿದೆ.

ಡೇಟಾಬುಟ್ಟಿ

5: 16
197: 24
198: 0
199: 0

ಲಿಂಕ್ 6.0 ಜಿಬಿಪಿಎಸ್. ಕರ್ನಲ್ ಲಾಗ್‌ನಲ್ಲಿ ಎಸ್‌ಡಿಸಿ ಬಗ್ಗೆ ಒಂದೇ ಒಂದು ಎರರ್ ಇಲ್ಲ. ಸ್ಮಾರ್ಟ್ ಹೆಲ್ತ್ ‘ಪಾಸ್ಡ್’ ಅಂತಿದೆ. ಹಾಗಾದರೆ ಡಿಸ್ಕ್ ಚೆನ್ನಾಗಿದೆ ಅಂತ ತಾನೇ?

ಹಳೇಡಬ್ಬಿ

ಅಲ್ಲ. ಆ ‘ಪಾಸ್ಡ್’ ನಂಬಬೇಡಿ. ಕಂಪನಿ ಇಟ್ಟ ಮಿತಿಯನ್ನು ಯಾವುದೂ ಇನ್ನೂ ದಾಟಿಲ್ಲ ಅಂತ ಮಾತ್ರ ಅದರ ಅರ್ಥ. ಸಾಯುವ ಹಿಂದಿನ ದಿನವೂ ‘ಪಾಸ್ಡ್’ ಅನ್ನುವ ಡಿಸ್ಕುಗಳಿವೆ.

197 ಅಂದರೆ ಓದಲು ಆಗದೆ ಬಾಕಿ ಉಳಿದ ಸೆಕ್ಟರುಗಳು. ತಲಾ 512 ಬೈಟಿನ 24 ಅಂದರೆ 4ಕೆ ಸೆಕ್ಟರಿನ ಲೆಕ್ಕದಲ್ಲಿ ಮೂರು. ಚಿಕ್ಕ ಸಂಖ್ಯೆ, ನಿಜ. ಆದರೆ ಅದರ ಸುತ್ತಮುತ್ತ ಇನ್ನೂ ಎಷ್ಟೋ ಜಾಗ ಬಲ ಕಳೆದುಕೊಂಡಿರುತ್ತೆ. ಅಂಥ ಜಾಗ ಬಂದಾಗ ಡಿಸ್ಕ್ ತನ್ನೊಳಗೇ ಮತ್ತೆ ಮತ್ತೆ ಓದಿ, ಕೊನೆಗೆ ಹೇಗೋ ಡೇಟಾ ಕೊಡುತ್ತೆ. ಡೇಟಾ ಬಂತಲ್ಲ, ಹಾಗಾಗಿ ಕರ್ನಲ್‌ಗೆ ದೂರು ಹೇಳಲು ಏನೂ ಇಲ್ಲ. ಲಾಗ್ ಖಾಲಿ, ವೇಗ ಮಾತ್ರ ಪಾತಾಳ. 1140 ಮಿಲಿಸೆಕೆಂಡ್ ಅವೇಟ್ ಬಂದದ್ದು ಹೀಗೆ.

ಇನ್ನು ಗಂಭೀರ ವಿಷಯ. ಅರೇಯಲ್ಲಿ ಈಗಾಗಲೇ ಒಂದು ಡಿಸ್ಕ್ ಇಲ್ಲ. ಎಸ್‌ಡಿಸಿಯೂ ಹೊರಬಿದ್ದರೆ ಅರೇ ನಿಲ್ಲುತ್ತೆ. ವೇಗ ಹೆಚ್ಚಿಸುವ ಯೋಚನೆಯನ್ನೇ ಬಿಡಿ, ಮೊದಲು ರೀಬಿಲ್ಡ್ ನಿಲ್ಲಿಸಿ.

ಎಂಡಿಯ ಸಿಂಕ್ ಆಕ್ಷನ್ ಅನ್ನುವ ಸೆಟ್ಟಿಂಗ್‌ಗೆ ‘ಫ್ರೋಜನ್’ ಬರೆಯಿರಿ. ‘ಐಡಲ್’ ಬರೆದರೆ ಎಂಡಿ ಮತ್ತೆ ತಾನಾಗಿ ಶುರು ಮಾಡಿಕೊಳ್ಳುತ್ತೆ. ಫೈಲ್‌ಸಿಸ್ಟಮ್ ಅನ್ನು ರೀಡ್ ಓನ್ಲಿ ಆಗಿ ಮತ್ತೆ ಮೌಂಟ್ ಮಾಡಿ. ಆಮೇಲೆ ಮತ್ತೆ ಸಿಗದಂಥ ಫೈಲುಗಳನ್ನು, ಅಂದರೆ ಫೋಟೋ, ಕಾಗದಪತ್ರ ಇಂಥವನ್ನು, ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಸಿನಿಮಾ ಆಮೇಲೆ.

ಕರ್ನಲ್‌ಕಟ್ಟೆ

ಎಸ್‌ಎಂಆರ್ ಮಾತು ವಾಪಸ್ ತಗೊಂಡೆ. ಆದರೆ ಒಂದು ಸೇರಿಸುತ್ತೇನೆ: ಕಾಪಿ ಮಾಡುವ ಮುಂಚೆ ಎಸ್‌ಡಿಸಿಯಲ್ಲಿ ಎಸ್‌ಸಿಟಿ ಇಆರ್‌ಸಿ (ಕೆಟ್ಟ ಸೆಕ್ಟರಿಗೆ ಡಿಸ್ಕ್ ಎಷ್ಟು ಹೊತ್ತು ಒದ್ದಾಡಬೇಕು ಅನ್ನುವ ಮಿತಿ) ಇದೆಯಾ ಅಂತ ಸ್ಮಾರ್ಟ್‌ಸಿಟಿಎಲ್‌ನಲ್ಲಿ ನೋಡಿ. ಲಿನಕ್ಸ್ ಒಂದು ಕಮಾಂಡಿಗೆ ಡೀಫಾಲ್ಟ್ ಆಗಿ 30 ಸೆಕೆಂಡ್ ಕಾಯುತ್ತೆ. ಡೆಸ್ಕ್‌ಟಾಪ್ ಡಿಸ್ಕುಗಳು ಒಂದು ಕೆಟ್ಟ ಸೆಕ್ಟರಿಗೆ ಅದಕ್ಕಿಂತ ಜಾಸ್ತಿ ಹೊತ್ತು ಒದ್ದಾಡಬಹುದು. ಆಗ ಕರ್ನಲ್ ತಾಳ್ಮೆ ಕಳೆದುಕೊಂಡು ಲಿಂಕ್ ರೀಸೆಟ್ ಮಾಡುತ್ತೆ, ಎಂಡಿ ಆ ಡಿಸ್ಕನ್ನೇ ಹೊರಗೆ ಹಾಕಬಹುದು. ಒಂದು ಸೆಕ್ಟರ್ ಹೋಗಬೇಕಾದ ಕಡೆ ಡಿಸ್ಕೇ ಹೋಗುತ್ತೆ.

ಇಆರ್‌ಸಿ ಇದ್ದರೆ ಓದು, ಬರಹ ಎರಡಕ್ಕೂ 70 ಹಾಕಿ, ಅದು 7 ಸೆಕೆಂಡ್. ಇಲ್ಲದಿದ್ದರೆ ಆ ಡಿಸ್ಕಿನ ಕರ್ನಲ್ ಟೈಮ್‌ಔಟ್ ಅನ್ನು 180ಕ್ಕೆ ಏರಿಸಿ.

ಡೇಟಾಬುಟ್ಟಿ

ಇಆರ್‌ಸಿ ಸಪೋರ್ಟ್ ಇಲ್ಲ ಅಂತ ಬಂತು. ಟೈಮ್‌ಔಟ್ 180 ಮಾಡಿದೆ. ಮುಖ್ಯವಾದ ಫೈಲುಗಳೆಲ್ಲ ಹೊರಗಿನ ಡಿಸ್ಕಿಗೆ ಹೋದವು. ಒಂದು ವಿಡಿಯೋ ಮಾತ್ರ ಇನ್‌ಪುಟ್ ಔಟ್‌ಪುಟ್ ಎರರ್ ಕೊಟ್ಟಿತು, ಅದು ಹೋದರೆ ಹೋಗಲಿ. ಈಗ ರೀಬಿಲ್ಡ್ ಮುಂದುವರಿಸಲಾ?

ಹಳೇಡಬ್ಬಿ

ನಾನಾಗಿದ್ದರೆ ಮುಂದುವರಿಸಲ್ಲ. ರೀಬಿಲ್ಡ್‌ಗೆ ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ ಚೆನ್ನಾಗಿರುವುದನ್ನು ಮೊದಲು ಉಳಿಸಿಕೊಳ್ಳಲು ಬರಲ್ಲ. ಕೆಟ್ಟ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂಗೆ ಬರುತ್ತೆ. ಆ ಹೊಸ ಡಿಸ್ಕನ್ನೇ ಎಸ್‌ಡಿಸಿಯ ನಕಲು ಮಾಡಲು ಬಳಸಿ. 3% ರೀಬಿಲ್ಡ್ ಅಳಿಸಿಹೋಗುತ್ತೆ, ಹೋಗಲಿ. ನಾಲ್ಕನೆಯ ಡಿಸ್ಕ್ ಆಮೇಲೆ ಇನ್ನೊಂದು ತಂದರಾಯಿತು.

ಅರೇಯನ್ನು ಸರಿಯಾಗಿ ಸ್ಟಾಪ್ ಮಾಡಿ. ಡಿಸ್ಕಿನ ಅಕ್ಷರ ನಂಬಬೇಡಿ, ರೀಬೂಟ್ ಆದರೆ ಎಸ್‌ಡಿಸಿ ಇದ್ದದ್ದು ಎಸ್‌ಡಿಬಿ ಆಗಬಹುದು. ಸೀರಿಯಲ್ ನಂಬರ್ ಇರುವ ಬೈ-ಐಡಿ ಹೆಸರನ್ನೇ ಬಳಸಿ. ಡಿಡಿರೆಸ್ಕ್ಯೂನಲ್ಲಿ ಮೊದಲು ಮೂಲ, ಆಮೇಲೆ ಗುರಿ, ಕೊನೆಗೆ ಮ್ಯಾಪ್ ಫೈಲ್ (ಯಾವ ಜಾಗ ಓದಿ ಆಯಿತು ಅನ್ನುವ ದಾಖಲೆ). ಮೂಲ ಮತ್ತು ಗುರಿ ಅದಲುಬದಲಾದರೆ ದೇವರೇ ಗತಿ, ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ. ಮ್ಯಾಪ್ ಫೈಲನ್ನು ಬೇರೆ ಡಿಸ್ಕಿನಲ್ಲಿಡಿ. ಅದಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತೆ.

ಮೊದಲ ಸುತ್ತು ಎನ್ ಆಯ್ಕೆಯ ಜೊತೆ, ಕೆಟ್ಟ ಜಾಗ ಕೆರೆಯದೆ. ಎರಡನೇ ಸುತ್ತು ಡಿ (ನೇರ ಓದು) ಮತ್ತು ಆರ್ 3 (ಮೂರು ಸಲ ಮರುಪ್ರಯತ್ನ) ಆಯ್ಕೆ, ಉಳಿದದ್ದಕ್ಕೆ ಮಾತ್ರ. ಮುಗಿದ ಮೇಲೆ ಹಳೇ ಎಸ್‌ಡಿಸಿಯನ್ನು ಬಿಚ್ಚಿ ಹೊರಗಿಡಿ. ಮೂಲ ಮತ್ತು ನಕಲು ಎರಡರಲ್ಲೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತೆ, ಒಟ್ಟಿಗೆ ಇದ್ದರೆ ಎಂಡಿಗೆ ಗೊಂದಲ. ಆಮೇಲೆ ಎಸ್‌ಡಿಎ, ಎಸ್‌ಡಿಬಿ, ನಕಲು ಈ ಮೂರನ್ನು ಹೆಸರಿಸಿ ಅಸೆಂಬಲ್ ಮಾಡಿ, ಅಂದರೆ ಇರುವ ಅರೇಯನ್ನು ಮತ್ತೆ ಜೋಡಿಸಿ. ಶುರುವಾಗಲಿಲ್ಲ ಅಂದರೆ ರನ್ ಆಯ್ಕೆ ಸೇರಿಸಿ.

ಯಾರು ಏನೇ ಹೇಳಲಿ, ‘ಕ್ರಿಯೇಟ್’ (ಅರೇಯನ್ನು ಹೊಸದಾಗಿ ಕಟ್ಟುವುದು) ಮಾತ್ರ ಮಾಡಬೇಡಿ. ಇಂಟರ್ನೆಟ್ಟಿನಲ್ಲಿ ಆ ಸಲಹೆ ಧಾರಾಳವಾಗಿ ಸಿಗುತ್ತೆ. ಡಿಸ್ಕುಗಳ ಕ್ರಮವೋ ಚಂಕ್ ಸೈಜೋ ಡೇಟಾ ಆಫ್‌ಸೆಟ್ಟೋ ಸ್ವಲ್ಪ ತಪ್ಪಿದರೂ ಇದ್ದದ್ದೂ ಹೋಗುತ್ತೆ.

ಡೇಟಾಬುಟ್ಟಿ

ನಕಲು ಮುಗಿಯಿತು. ಕೊನೆಗೆ ಓದಲಾಗದೆ ಉಳಿದದ್ದು 20 ಕೆಬಿ ಅಂತ ತೋರಿಸಿತು. ಎಸ್‌ಡಿಸಿಯ 197 ಈಗ 40 ಆಗಿದೆ. ನಕಲಿನ ಜೊತೆ ಅರೇ ಎದ್ದಿತು! ಮೌಂಟ್ ಇನ್ನೂ ಮಾಡಿಲ್ಲ. 20 ಕೆಬಿ ಅಂದರೆ ಏನೂ ಅಲ್ಲ ಅಲ್ವಾ?

ಹಳೇಡಬ್ಬಿ

40 ಸೆಕ್ಟರ್, ತಲಾ 512 ಬೈಟ್, ಸರಿಯಾಗಿ 20 ಕೆಬಿ. ಲೆಕ್ಕ ಕೂಡಿತು.

ಆದರೆ ಹಾನಿ 20 ಕೆಬಿಗೇ ನಿಲ್ಲುತ್ತೆ ಅಂದುಕೊಳ್ಳಬೇಡಿ. ನಕಲಿನಲ್ಲಿ ಆ ಜಾಗದಲ್ಲಿ ನಿಜವಾದ ಡೇಟಾ ಇಲ್ಲ. ಸತ್ತ ಡಿಸ್ಕಿನಲ್ಲಿ ಅದೇ ಸ್ಟ್ರೈಪಿಗೆ (ಎಲ್ಲ ಡಿಸ್ಕಿಗೂ ಹಂಚಿದ ಒಂದು ಸಾಲಿಗೆ) ಸೇರಿದ ಭಾಗವನ್ನು ಎಂಡಿ ಈ ತಪ್ಪು ಡೇಟಾದಿಂದಲೇ ಲೆಕ್ಕ ಹಾಕುತ್ತೆ, ಹಾಗಾಗಿ ಅದೂ ತಪ್ಪಾಗುತ್ತೆ. ಎರಡೂ ಕಡೆ ಫೈಲ್ ಡೇಟಾ ಇದ್ದರೆ ಹಾನಿ 40 ಕೆಬಿ. ಒಂದು ಕಡೆ ಪ್ಯಾರಿಟಿ (ಕಳೆದದ್ದನ್ನು ಲೆಕ್ಕ ಹಾಕಿ ಪಡೆಯಲು ಇಡುವ ಹೆಚ್ಚುವರಿ ಡೇಟಾ) ಇದ್ದರೆ 20ಕ್ಕೆ ನಿಲ್ಲುತ್ತೆ.

ಮೌಂಟ್ ಮಾಡುವ ಮುಂಚೆ ಫೈಲ್‌ಸಿಸ್ಟಮ್ ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆ ಅನ್ನು ಎಫ್ ಮತ್ತು ಎನ್ ಆಯ್ಕೆಯ ಜೊತೆ ಓಡಿಸಿ. ಎನ್ ಇದ್ದರೆ ಅದು ಏನನ್ನೂ ಬರೆಯಲ್ಲ, ಬರೀ ನೋಡುತ್ತೆ. ಫೈಲ್‌ಸಿಸ್ಟಮ್‌ನ ಸ್ವಂತ ಲೆಕ್ಕಪತ್ರ ಇರುವ ಜಾಗಕ್ಕೆ ಪೆಟ್ಟು ಬಿದ್ದಿದ್ದರೆ ಸಾಮಾನ್ಯವಾಗಿ ಅಲ್ಲಿ ಗೊತ್ತಾಗುತ್ತೆ. ಫೈಲಿನ ಒಳಗಿನ ಹಾನಿ ಅದಕ್ಕೆ ಕಾಣಲ್ಲ. ಅದಕ್ಕೆ ರೀಡ್ ಓನ್ಲಿ ಮೌಂಟ್ ಮಾಡಿ, ಮೊದಲು ಮಾಡಿಕೊಂಡ ಕಾಪಿ ಜೊತೆ ಆರ್‌ಸಿಂಕ್‌ನ ಚೆಕ್‌ಸಮ್ ಆಯ್ಕೆಯಲ್ಲಿ, ಡ್ರೈ ರನ್ (ಏನನ್ನೂ ಬರೆಯದೆ ನೋಡುವುದು) ಇಟ್ಟು ಹೋಲಿಸಿ.

ಕರ್ನಲ್‌ಕಟ್ಟೆ

ಇಎಕ್ಸ್‌ಟಿ4 ಬದಲು ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆಗಿದ್ದರೆ ಯಾವ ಫೈಲ್ ಕೆಟ್ಟಿದೆ ಅಂತ ಹೆಸರು ಹಿಡಿದು ಹೇಳುತ್ತಿತ್ತು. ಸುಮ್ನೆ ಹೇಳಿದೆ, ಈಗ ಜಗಳ ಬೇಡ.

ಡೇಟಾಬುಟ್ಟಿ

ಫೈಲ್‌ಸಿಸ್ಟಮ್ ಕ್ಲೀನ್. ಹೋಲಿಕೆಯಲ್ಲೂ ಮುಖ್ಯ ಫೈಲುಗಳಲ್ಲಿ ವ್ಯತ್ಯಾಸ ಇಲ್ಲ. ಎರರ್ ಕೊಟ್ಟಿದ್ದ ವಿಡಿಯೋ ಈಗ ಓಪನ್ ಆಗುತ್ತೆ, ಆದರೆ ಮಧ್ಯೆ ಒಂದು ಕಡೆ ಚಿತ್ರ ಒಡೆಯುತ್ತೆ. ಅದನ್ನು ಅಳಿಸಿದೆ. ಇನ್ನೊಂದು ಹೊಸ ಡಿಸ್ಕ್ ಹಾಕಿ ಅರೇಗೆ ಸೇರಿಸಿದೆ. ಈಗ ವೇಗ ಸೆಕೆಂಡಿಗೆ 170 ಎಂಬಿ! ಸ್ಪೀಡ್ ಲಿಮಿಟ್ ಮತ್ತೆ ಡೀಫಾಲ್ಟ್‌ನಲ್ಲೇ ಇದೆ.

ಹಳೇಡಬ್ಬಿ

ಒಳ್ಳೆಯದು. ಕೊನೆಯ ಹೊತ್ತಿಗೆ ವೇಗ 90ರ ಆಸುಪಾಸಿಗೆ ಇಳಿದರೆ ಮತ್ತೆ ಗಾಬರಿ ಬೇಡ. ಪ್ಲ್ಯಾಟರಿನ ಹೊರಗಿನ ಟ್ರ್ಯಾಕಿನಿಂದ ಒಳಗೆ ಹೋದ ಹಾಗೆ ಎಲ್ಲ ಹಾರ್ಡ್ ಡಿಸ್ಕೂ ನಿಧಾನ ಆಗುತ್ತೆ. ಸರಾಸರಿ 140 ಅಂದುಕೊಂಡರೆ ಎಂಟು ಗಂಟೆ.

ಮುಗಿದ ಮೇಲೆ ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಡಿಸ್ಕನ್ನೂ ಪೂರ್ತಿ ಓದಿ ಪರೀಕ್ಷಿಸುವುದು) ಆಗುವ ಹಾಗೆ ಮಾಡಿ. ಸಿಂಕ್ ಆಕ್ಷನ್‌ಗೆ ‘ಚೆಕ್’ ಬರೆದರೆ ಅದೇ ಸ್ಕ್ರಬ್. ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ತಾನಾಗಿ ಓಡುವ ವ್ಯವಸ್ಥೆ ಇದೆ, ಬೇರೆ ಕಡೆ ಇದೆಯೋ ಇಲ್ಲವೋ ನೀವೇ ನೋಡಿಕೊಳ್ಳಬೇಕು. ನಾಲ್ಕೂ ಡಿಸ್ಕ್ ಇರುವಾಗ ಓದಲಾಗದ ಸೆಕ್ಟರ್ ಸಿಕ್ಕರೆ ಎಂಡಿ ಪ್ಯಾರಿಟಿಯಿಂದ ಲೆಕ್ಕ ಹಾಕಿ ಅಲ್ಲೇ ಮತ್ತೆ ಬರೆದುಬಿಡುತ್ತೆ. ಒಂದು ಡಿಸ್ಕ್ ಹೋದ ಮೇಲೆ ಸಿಕ್ಕರೆ ಆ ಅವಕಾಶ ಇರಲ್ಲ.

ಮುಂದೆ ಯಾವುದಾದರೂ ಡಿಸ್ಕ್ ಕುಂಟುತ್ತಿದೆ, ಆದರೆ ಸತ್ತಿಲ್ಲ ಅನ್ನಿಸಿದರೆ ಅದನ್ನು ಕಿತ್ತು ಹೊಸದು ಹಾಕಬೇಡಿ. ಹೊಸದನ್ನು ಸ್ಪೇರ್ ಆಗಿ ಸೇರಿಸಿ, ಎಂಡಿಯನ್ನು ನಿರ್ವಹಿಸುವ ಎಂಡಿಎಡಿಎಂನ ‘ರಿಪ್ಲೇಸ್’ ಬಳಸಿ. ಹಳೆಯದು ಅರೇಯಲ್ಲಿ ಇದ್ದುಕೊಂಡೇ ಹೊಸದಕ್ಕೆ ಕಾಪಿ ಆಗುತ್ತೆ. ಅದು ಓದಲಾಗದ ಜಾಗವನ್ನು ಉಳಿದ ಡಿಸ್ಕುಗಳು ತುಂಬಿಕೊಡುತ್ತವೆ.

ಸುಮ್ನೆನೋಡ್ತೀನಿ

ಆ ಹಳೇ ಎಸ್‌ಡಿಸಿಗೆ ಪೂರ್ತಿ ಸೊನ್ನೆ ಬರೆದರೆ 197 ಸೊನ್ನೆಗೆ ಇಳಿಯುತ್ತಲ್ಲ. ಮತ್ತೆ ಬಳಸಬಹುದಾ?

ಹಳೇಡಬ್ಬಿ

ಇಳಿಯುತ್ತೆ. ಬರೆದಾಗ ಸೆಕ್ಟರ್ ಸರಿಹೋಗಬಹುದು, ಇಲ್ಲವೇ ಡಿಸ್ಕ್ ಅದನ್ನು ಬದಲಿ ಜಾಗಕ್ಕೆ ಹಾಕಿ 5ನೇ ಸಾಲಿನ ಎಣಿಕೆ ಏರಿಸಬಹುದು. ಆದರೆ ರೀಬಿಲ್ಡ್ ಮುಗಿದು ಒಂದು ಸ್ಕ್ರಬ್ ಆಗುವ ತನಕ ಅದನ್ನು ಮುಟ್ಟಬೇಡಿ, ಹಾಗೇ ಎತ್ತಿಡಿ. ಆಮೇಲೆ ಬೇಕಾದರೆ ಸೊನ್ನೆ ಬರೆದು, ಲಾಂಗ್ ಟೆಸ್ಟ್ ಓಡಿಸಿ, ಹೋದರೂ ಬೇಜಾರಿಲ್ಲದ ಫೈಲ್ ಇಡಲು ಬಳಸಿ. ರೇಡ್‌ಗೆ ಮಾತ್ರ ಬೇಡ.